ಕುಂದ್ರಾವ್ರು ಯಾರು?

ಕ್ಯಾಂಪಿನ ಬಂಗಲೆ ಮಾರಿದಾಗ
ನನ್ನ ಪಾಲಿಗೆ ಬಂದದ್ದು ಒಂದು ಕುರ್ಚಿ, ಒಂದು ದೀಪ.
ಎರಡೂ ಸೇರಿ ಹನ್ನೊಂದು ಸಾವಿರ, ಟೆಂಪೋ ಬಾಡಿಗೆ ಬೇರೆ.
ಅರವತ್ತರ ದಶಕದಲ್ಲಿ ಹಾಲಿನ ಯಂತ್ರ ಕೂಡಿಸಲು ಬಂದ
ಡೆನ್ಮಾರ್ಕಿನವನೊಬ್ಬ ಬಿಟ್ಟುಹೋದದ್ದಂತೆ.
'ಅಂತೆ'ಗೆ ನಮ್ಮ ಧಂದೆಯಲ್ಲಿ ಬೆಲೆಯಿಲ್ಲ;
ಮುಂಬೈ ಗಿರಾಕಿಗೆ ಹೇಳುವಾಗ
ಆ ಎರಡಕ್ಷರ ಕಿತ್ತುಬಿಡುತ್ತೇನೆ.

ಕುರ್ಚಿ ಸಾಗವಾನಿಯದು. ಒಂದು ಮೊಳೆಯಿಲ್ಲ.
ಕೈಯಿಡುವಲ್ಲಿ ಕಟ್ಟಿಗೆ
ನೀರಿಗೆ ಬಾಗಿದ ಎತ್ತಿನ ಕುತ್ತಿಗೆ.
ಮೋನಪ್ಪ ಬಡಿಗೇರ ಬೆರಳು ಓಡಿಸಿ ಸಂದು ಹುಡುಕಿದ,
ಸಿಗಲಿಲ್ಲ. ಬೀಡಿ ಹಚ್ಚಿ ಮತ್ತೆ ಹುಡುಕಿದ.
"ಮಾಡಿದಾಂವ ಸಣ್ಣಾಂವಲ್ಲ ಬಿಡ್ರಿ," ಅಂದ,
"ಇವತ್ತ ನನಗ ನಿದ್ದಿ ಬರೂದಿಲ್ಲ."

ಕೂರುವ ಹೆಣಿಗೆ ಮಾತ್ರ ಇಲಿ ತಿಂದಿತ್ತು.
ಕಾಗದದ ಹುರಿ. ಹೌದು, ಕಾಗದ.
ಅಲ್ಲಿಂದಲೇ ತರಿಸಬೇಕು, ಎರಡು ತಿಂಗಳು.
ಬೆಲೆ ಕೇಳಿ ಫೋನು ಮಗುಚಿಟ್ಟೆ.

ಹಾಗಾಗಿ ಬೈಲಹೊಂಗಲ ದಾರಿಯ ಹುಸೇನವ್ವ.
ಬಾಣಂತಿಯರ ಹೊರಸು, ಢಾಬಾದ ಹೊರಸು,
ಹೆಣೆದ ಹೊರಸಿಗೆ ಲೆಕ್ಕವಿಟ್ಟವಳಲ್ಲ.
ಕುರ್ಚಿಯನ್ನು ಕುರಿಮರಿಯಂತೆ ಮಗ್ಗುಲಿಗೆ ಕೆಡವಿ
ಅಡಿಗೆ ಸುಟ್ಟೊತ್ತಿದ ಮುದ್ರೆ ನೋಡಿದಳು.
ನಾನು ಶುರುಮಾಡಿದೆ: ಡೆನ್ಮಾರ್ಕು, ಇಸವಿ,
ಮುಂಬೈಯಲ್ಲಿ ಎಷ್ಟಕ್ಕೆ ಹೋಗುತ್ತದೆ.
"ಅದೆಲ್ಲಾ ಇರ್ಲಿ. ಕುಂದ್ರಾವ್ರು ಯಾರು?"

ಕುಂದ್ರಾವ್ರು.
"ಗಂಡಸೋ, ಹೆಂಗಸೋ? ತೂಕ ಎಷ್ಟು?
ಧಪ್ ಅಂತ ಬೀಳೂ ಪೈಕಿನೋ, ಅಂಚಿಗೆ ಕುಂದ್ರೂ ಪೈಕಿನೋ?
ಮಂದಿ ಗೊತ್ತಿಲ್ದ ಬಿಗಿ ಹೆಂಗ ಹಿಡೀಲಿ?"

ಹತ್ತೊಂಬತ್ತು ವರ್ಷ ಈ ಧಂದೆ.
ಉದ್ದ, ಅಗಲ, ಎತ್ತರ ಅಳೆದಿದ್ದೇನೆ,
ಹುಳ ಕೊರೆದ ತೂತು ಎಣಿಸಿದ್ದೇನೆ.
ಮುಂಬೈಯ ಮನೆಯಲ್ಲಿ ಅದು ಗೋಡೆಗೊತ್ತಿ ನಿಲ್ಲುತ್ತದೆ,
ಮೇಲೊಂದು ಪುಸ್ತಕ, ಯಾರೂ ಓದದ್ದು.
ಇದನ್ನು ಹುಸೇನವ್ವನಿಗೆ ಹೇಳುವುದು ಹೇಗೆ?
"ನನ್ನಷ್ಟ ಇದ್ದಾರ," ಅಂದೆ.

ಪುಂಡಿನಾರು ನೆನೆಯಿಟ್ಟಳು.
ತೊಡೆಯ ಮೇಲೆ ಹೊಸೆದಳು,
ಜೋಳದ ದಂಟಿನ ಸಿಬಿರಿನಷ್ಟು ತೆಳ್ಳಗೆ.
ಸಂಜೆ ಆರಕ್ಕೆ ಕರೆಂಟು ಬಂತು.

ಸರಿಯಿದೆಯೋ ನೋಡೋಣವೆಂದು
ದೀಪವನ್ನು ಅವಳ ತೊಲೆಗೆ ಕಟ್ಟಿದೆ.
ಒಂದರ ಕೆಳಗೊಂದು ಮೂರು ತಗಡಿನ ತಟ್ಟೆ,
ಬೋರಲು ಹಾಕಿದ ಪರಾತ, ಒಳಮೈ ಬಿಳಿ.
ಎಲ್ಲಿ ನಿಂತರೂ ಬಲ್ಬು ಕಾಣದು.
ಹುಸೇನವ್ವ ಬಗ್ಗಿ ನೋಡಿದಳು, ಬದಿಗೆ ಸರಿದು ನೋಡಿದಳು,
ಕೊನೆಗೆ ನಕ್ಕಳು: "ತಲಿಮ್ಯಾಲ ಸೆರಗ ಹೊತ್ಕೊಂಡೈತಿ.
ಉಣ್ಣಾಕ ನೀಡತೈತಿ, ಮಾರಿ ತೋರ್ಸೂದಿಲ್ಲ."

ಕಣ್ಣಿಗೆ ಚುಚ್ಚದ ಬೆಳಕು
ಸುಣ್ಣದ ಗೋಡೆಗೆ ಇಳಿಯಿತು, ಜೋಳದ ಚೀಲಕ್ಕೆ,
ಅವಳ ಹೆಬ್ಬೆರಳ ಸೀಳಿಗೆ.
ಬಿಸಿಲು ಕಂಡರೆ ಕದ ಹಾಕಿಕೊಳ್ಳುವ ಊರು ನಮ್ಮದು;
ಅವರಿಗೋ ಚಳಿಗಾಲ ಪೂರ್ತಿ ದೀಪದ ಬುಡವೇ ಹೊಲ ಮನೆ.
ಅದಕ್ಕೇ ಸೋಸುತ್ತಾರೋ ಏನೋ ಇಷ್ಟು ಮೆಲ್ಲಗೆ,
ಹಾಲಿನ ಹಾಗೆ.

ನಡುವೆ ಎರಡು ಸಲ ನನ್ನನ್ನು ಕೂಡಿಸಿದಳು.
"ಕುಂದರ್ರಿ." ಕೂತೆ. "ಏಳ್ರಿ." ಎದ್ದೆ.
ಕುರ್ಚಿಗೆ ಒಂದು ಕಾಲು ಕೊಟ್ಟು ಹುರಿ ಜಗ್ಗಿದಳು.
ಕಡೆಗೆ ಮಗುಚಿ, ಮುದ್ರೆಯ ಪಕ್ಕದಲ್ಲಿ
ತನ್ನ ಗಂಟು ಹಾಕಿ, ತುದಿ ಹಲ್ಲಿಂದ ಕಡಿದಳು.
ನಾನು ಫೋಟೋ ತೆಗೆದು ಕಳಿಸಿದೆ.

ಮತ್ತೆ ಕೂಡಿಸಿದಳು. ಈ ಸಲ ಏಳು ಅನ್ನಲಿಲ್ಲ.
ಚಹಾ ತಂದಳು.

ಮುಂಬೈಯಿಂದ ಉತ್ತರ ಬಂತು: ಒರಿಜಿನಲ್ ಅಲ್ಲ. ಅರ್ಧ ಬೆಲೆ.
ಹೂಂ ಎಂದೂ ಬರೆಯಲಿಲ್ಲ, ಉಹೂಂ ಎಂದೂ.
ಹಸಿ ನಾರಿಗೆ ಪ್ಯಾಂಟು ಒದ್ದೆಯಾಗಿತ್ತು.
ಅದು ನನ್ನ ಕೆಳಗೆ ಒಣಗುತ್ತ, ಬಿಗಿಯುತ್ತ,
ಸಣ್ಣಗೆ ಕಿರ್ರೆನ್ನುತ್ತಿತ್ತು,
ನನ್ನ ತೂಕ ಬಾಯಿಪಾಠ ಮಾಡುವಂತೆ.